ಇನ್ನೂರರಿಂದ ಹೊರಡುವ ಗೆರೆ

ಹೊಲಿಗೆ ಯಂತ್ರ ಬಾಡಿಗೆಗೆ ಕೊಡೋದು ನನ್ನ ಕಸುಬು. ಮನೆಗೆ ತಂದು ಜೋಡಿಸಿಕೊಡಲು ಇನ್ನೂರು, ಆಮೇಲೆ ದಿನಕ್ಕೆ ಮೂವತ್ತು. ಮೂರನೇ ಮಹಡಿಯ ಅಜ್ಜಿ ಮಾತ್ರ ಪ್ರತಿ ಶನಿವಾರ ಯಂತ್ರ ವಾಪಸ್ ಕೊಟ್ಟು ಸೋಮವಾರ ಮತ್ತೆ ತರಿಸುತ್ತಿದ್ದರು. ವಾಪಸ್ ಬಂದಾಗ ನಾನು ಪೋಣಿಸಿಕೊಟ್ಟ ನೂಲು ಸೂಜಿಯಲ್ಲಿ ಹಾಗೇ ಇರುತ್ತಿತ್ತು. ಯಂತ್ರ ಹೊತ್ತು ಮೆಟ್ಟಿಲು ಹತ್ತಿ ನನ್ನ ಸೊಂಟ ಬಿದ್ದುಹೋಗಿತ್ತು.

ಈ ಸೋಮವಾರ ತಲೆಕೆಟ್ಟು, ಅವರ ಮೇಜಿನ ಮೇಲಿದ್ದ ಕಾಗದದಲ್ಲಿ ನಕ್ಷೆ ಬರೆದೆ. ಅಡ್ಡಕ್ಕೆ ದಿನ, ಮೇಲಕ್ಕೆ ದುಡ್ಡು. ಸೊನ್ನೆಯಿಂದ ಪೆನ್ಸಿಲಿನಲ್ಲಿ ಒಂದು ಓರೆ ಗೆರೆ ಎಳೆದೆ.

“ನೋಡಿ, ಯಂತ್ರ ಇಲ್ಲೇ ಇಟ್ಟುಕೊಂಡರೆ ದಿನಕ್ಕೆ ಮೂವತ್ತಷ್ಟೇ ಏರುತ್ತೆ. ವಾಪಸ್ ಕೊಟ್ಟು ತರಿಸಿದರೆ ಪ್ರತಿ ಸಲ ಇನ್ನೂರು ದಂಡ.”

ಅಜ್ಜಿ ಕನ್ನಡಕ ಸರಿಮಾಡಿಕೊಂಡು ನನ್ನ ಗೆರೆ ಅಳಿಸಿ, ಇನ್ನೂರರ ಎತ್ತರದಲ್ಲಿ ಒಂದು ಚುಕ್ಕಿ ಇಟ್ಟರು.

“ದಿನಗಳನ್ನ ಮೂವತ್ತರಿಂದ ಗುಣಿಸಿ ಇನ್ನೂರು ಕೂಡಿಸಬೇಕು. ಹಾಗಾಗಿ ಗೆರೆ ಹೊರಡೋದು ಸೊನ್ನೆಯಿಂದಲ್ಲಪ್ಪ, ಇನ್ನೂರರಿಂದ.”

“ಇಷ್ಟೆಲ್ಲ ಗೊತ್ತಿದ್ದೂ ಯಾಕೆ ದಂಡ ಕಟ್ತೀರಿ?”

ಅವರು ಇನ್ನೂರರ ಚುಕ್ಕಿಯ ಮೇಲೆ ಬೆರಳಿಟ್ಟರು.

“ಇಲ್ಲಿ ದಿನ ಸೊನ್ನೆ, ಯಂತ್ರ ಇನ್ನೂ ತಿರುಗೇ ಇಲ್ಲ. ಆದರೂ ಅಷ್ಟರಲ್ಲಿ ಯಾರೋ ಒಬ್ಬರು ಬಾಗಿಲು ತಟ್ಟಿ ಒಳಗೆ ಬಂದಿರ್ತಾರೆ.”