ಕೆರೆಯದೆ ಬಿಟ್ಟ ಬಣ್ಣ

ಕಾರಿನ ಸ್ಟೀರಿಯೊ ಹಾಡಿನ ನಡುವೆ ಬಾಯಿ ಮುಚ್ಚಿಕೊಂಡಾಗ ಅದರ ಗುಂಡಿಯ ಮೇಲಿದ್ದದ್ದು ಮಾವನ ಬೆರಳು. ಅಳಿಯನಿಗೆ ಅಷ್ಟು ಸಾಕಾಯಿತು. "ಗೊತ್ತಿಲ್ದೆ ಇರೋದನ್ನ ಯಾಕೆ ಮುಟ್ತೀರಿ?" ಎಂದು ಹೆಂಡತಿಯ ಎದುರೇ ಸಿಡುಕಿಬಿಟ್ಟ. ಅಂದಿನಿಂದ ಮಾವ ಕಾರು ಹತ್ತಿದರೆ ಕೈಕಟ್ಟಿ ಕೂರುತ್ತಿದ್ದರು. ಕಿಟಕಿಯ ಗಾಜು ಇಳಿಸಲೂ ಮಗಳನ್ನೇ ಕೇಳುತ್ತಿದ್ದರು.

ಭಾನುವಾರ ಅಳಿಯ ಸ್ಕ್ರೂಡ್ರೈವರ್ ಹಿಡಿದು ಕೂತ. ಫ್ಯೂಸು ನೆಟ್ಟಗಿತ್ತು. ಸ್ಪೀಕರ್ ವೈರುಗಳೂ ಗಟ್ಟಿಯಾಗಿದ್ದವು. ಸೆಟ್ಟನ್ನು ಹೊರಗೆಳೆದು ಕರಿಯ ಅರ್ತಿಂಗ್ ವೈರಿನ ಜಾಡು ಹಿಡಿದರೆ, ಅದರ ತುದಿಯನ್ನು ಬಣ್ಣ ಕೆರೆಯದೆ ಕಾರಿನ ಮೈಯ ತಗಡಿಗೆ ಬಿಗಿಯಲಾಗಿತ್ತು. ಬಣ್ಣದ ಮೇಲೆ ಕರೆಂಟು ಹರಿದೀತೇ? ಕಾರು ಕುಲುಕಿದಾಗ ಇದ್ದಬದ್ದ ಸಂಪರ್ಕವೂ ತಪ್ಪಿತ್ತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು, ಅಷ್ಟೇ. ಈ ಘನಕಾರ್ಯ ಯಾವ ಮೆಕ್ಯಾನಿಕ್ಕಿನದೂ ಅಲ್ಲ. 'ಇಷ್ಟಕ್ಕೆಲ್ಲ ಅಂಗಡಿ ಯಾಕೆ' ಎಂದು ಮೀಸೆ ತಿರುವಿಕೊಂಡು ಸೆಟ್ಟು ಕೂರಿಸಿದವನು ತಾನೇ. ಅಳಿಯ ಕೂತಲ್ಲೇ ಹಿಡಿಯಷ್ಟಾದ.

ಬಣ್ಣ ಕೆರೆದು ವೈರು ಬಿಗಿದ. ಹಾಡು ಗಂಟಲು ಬಿಚ್ಚಿತು. ಸದ್ದು ಕೇಳಿ ಮಾವ ಬಾಗಿಲಿಗೆ ಬಂದರು.

"ಸರಿಹೋಯ್ತಾ? ಸದ್ಯ! ನನ್ನ ಕೈ ಸುಮ್ನಿರ್ದೆ ನಿಂಗೆ ಎಷ್ಟು ತೊಂದ್ರೆ ಆಯ್ತಪ್ಪ. ಮನಸ್ಸಲ್ಲಿ ಇಟ್ಕೋಬೇಡ."

ನಿಜ ನಾಲಿಗೆಯ ತುದಿಯವರೆಗೂ ಬಂದಿತ್ತು. ಅಷ್ಟರಲ್ಲಿ ಹೆಂಡತಿಯೂ ಅಪ್ಪನ ಹಿಂದೆ ಬಂದು ನಿಂತಳು. ಅಳಿಯ ಅದನ್ನು ಎಂಜಲಿನ ಜೊತೆ ನುಂಗಿಕೊಂಡ.

"ಇರ್ಲಿ ಬಿಡಿ ಮಾವ," ಎಂದ, ದೊಡ್ಡ ಮನಸ್ಸಿನವನ ಹಾಗೆ.