ಬೇರಿಲ್ಲದ ಕಸಿ

ಅಕ್ಕಯ್ಯಮ್ಮ ಎರಡೇ ಬೆರಳಲ್ಲಿ ಹಿಡಿದು ಎಳೆದಳು. ಮಾವಿನ ಗಿಡ ಹಾಗೇ ಕೈಗೆ ಬಂತು. ಬುಡದಲ್ಲಿ ಒಂದೆಳೆ ಬೇರೂ ಇರಲಿಲ್ಲ. ಯಾವುದೋ ಮರದ ರೆಂಬೆ ಮುರಿದು, ಜೇಡಿಮಣ್ಣಿನ ಉಂಡೆ ಮೆತ್ತಿ, ಕಸಿ ಗಿಡವೆಂದು ಸಂತೆಯಲ್ಲಿ ಅವಳಿಗೆ ಕೊಟ್ಟಿದ್ದರು.

ಒಳಗೆ ಗಂಡ ಮುನಿನಾರಾಯಣಪ್ಪ ಕೆಮ್ಮಿ, ದಿನದಂತೆ ಕೇಳಿದ. "ಚಿಗುರು ಕಾಣ್ತಾ ಐತೇನೇ?"

"ಊಂ, ಕಣ್ಣು ಬಿಡ್ತಾ ಐತೆ." ರೆಂಬೆಯನ್ನು ಮತ್ತೆ ಗುಂಡಿಯಲ್ಲಿ ನಿಲ್ಲಿಸಿದಳು.

"ನಾಳೆ ನನ್ನ ಒರಕ್ಕೆ ಕರ್ಕೊಂಡೋಗು. ನೋಡ್ಬೇಕು."

ಕೋಲಾರದ ಚಿನ್ನದ ಗಣಿಗಳು ಸರ್ಕಾರದ ಕೈಗೆ ಬಂದ ವರ್ಷ ಅವನು ಉಸಿರಾಡಲಾಗದೆ ಕೋರಮಂಡಲ್‌ನ ಗಣಿಕೆಲಸ ಬಿಟ್ಟು ಕ್ಯಾಸಂಬಳ್ಳಿಗೆ ಮರಳಿದ್ದ. ಮಕ್ಕಳಿರಲಿಲ್ಲ. ಇನ್ನು ಕರೆತರಬೇಡಿ ಎಂದು ಆಸ್ಪತ್ರೆಯವರೂ ಹೇಳಿಬಿಟ್ಟಿದ್ದರು. ಅಂಥವನು ಹಿತ್ತಿಲಿಗೆ ತೆವಳಿಕೊಂಡು ಬಂದು, ಕೂತಲ್ಲೇ ಗುಂಡಿ ತೋಡಿ, ಅವಳು ತಂದ ಗಿಡವನ್ನು ತಾನೇ ನೆಟ್ಟಿದ್ದ. "ನಾನಿಲ್ದಾಗ ನಿಂಗೆ ಜತೆಗೊಂದು ಇರ್ಲಿ" ಅಂದಿದ್ದ. ಆಮೇಲೆ ಹಾಸಿಗೆಯಿಂದ ಎದ್ದಿರಲಿಲ್ಲ.

ಪಕ್ಕದ ಮನೆಯ ಆದಿಲಕ್ಷ್ಮಮ್ಮನನ್ನು ಅವನ ಬಳಿ ಕೂರಿಸಿ, ಅಕ್ಕಯ್ಯಮ್ಮ ಆಗಲೇ ಬಂಗಾರಪೇಟೆಯ ಬಸ್ಸು ಹತ್ತಿದಳು. ಕಂಡಕಂಡವರನ್ನು ಕೇಳುತ್ತ ರೈಲು ಹಳಿಯಾಚೆಗಿದ್ದ ಬಚ್ಚಪ್ಪನ ತೋಟ ಮುಟ್ಟಿದಳು. ಸ್ವಂತ ಮರಗಳಿಂದ ಕಸಿ ಕಟ್ಟುವವನು ಸುತ್ತಮುತ್ತ ಅವನೊಬ್ಬನೇ.

"ಈ ಬಿಸಿಲಾಗೆ ಗಿಡ ಕೊಡಲ್ಲಮ್ಮ, ಸತ್ತೋಯ್ತದೆ. ಮಳೆ ಬೀಳ್ಲಿ, ಬಾ."

"ಅಷ್ಟೊತ್ಗೆ ಅವ್ರಿರಲ್ಲಣ್ಣ."

ಬಚ್ಚಪ್ಪ ನೀರಿನ ಬಿಂದಿಗೆ ಕೆಳಗಿಟ್ಟ. ಅಕ್ಕಯ್ಯಮ್ಮ ಕುಂಡಗಳ ನಡುವೆ ಕೂತು, ಎಲ್ಲವನ್ನೂ ಹೇಳಿದಳು. ಕೈಯನ್ನು ನೆಲದಿಂದ ಮೇಲೆತ್ತಿ ತೋರಿಸಿದಳು. "ಇಷ್ಟೇ ಎತ್ರ ಇರ್ಬೇಕು. ಬೇರೇದು ಅಂತ ಅವ್ರಿಗೆ ಗೊತ್ತಾಗ್ಬಾರ್ದು. ಕಾಲಿಗೆ ಬೀಳ್ತೀನಿ."

ಅವನು ಬಹಳ ಹೊತ್ತು ಹುಡುಕಿ ಒಂದು ಕುಂಡ ತಂದ. "ಕುಂಡದ ಸಮೇತ ಊಳು. ಮಳೆ ಬಂದ್ಮೇಲೆ ಕುಂಡ ಒಡಿ. ಇದರ ತಾಯಿಮರ ಅಗೋ, ಬಾವಿ ತಾವ ಐತೆ. ನೋಡ್ಕೊಂಡೋಗು."

ಮನೆಗೆ ಬಂದು, ಗಂಡ ಮಂಪರಿನಲ್ಲಿದ್ದಾಗ ರೆಂಬೆ ಕಿತ್ತೆಸೆದು, ಗುಂಡಿ ಅಗಲಿಸಿ ಕುಂಡ ಹೂತಳು.

ಬೆಳಗ್ಗೆ ಹೆಂಗಸರಿಬ್ಬರೂ ಅವನನ್ನು ಹಿತ್ತಿಲಿಗೆ ತಂದು ಕೂರಿಸಿದರು. ಮುನಿನಾರಾಯಣಪ್ಪ ಬಗ್ಗಿ ಎಲೆ ಮುಟ್ಟಿದ, ತುದಿ ಹಿಸುಕಿ ಮೂಸಿದ.

"ಇದೆಲ್ಲಿಂದ ತಂದೆ?"

"ಅದೇ ಗಿಡ..." ಅಕ್ಕಯ್ಯಮ್ಮ ಬಗ್ಗಿ ಬುಡದ ಮಣ್ಣು ಒತ್ತಿದಳು.

"ನೆಡೋವಾಗ್ಲೇ ಉಂಡೆ ಒಡ್ದೋಯ್ತು ಕಣೇ, ನನ್ ಕೈನಾಗೇ. ಬೇರಿರ್ಲಿಲ್ಲ. ನೀನಷ್ಟು ಆಸೆಯಾಗೆ ತಂದಿದ್ದೆ, ಎಂಗ್ ಏಳ್ಲಿ ನಿಂಗೆ?" ಉಸಿರಿಗಾಗಿ ತಡೆದ. "ಕೇಳ್ದೆ ಇದ್ರೆ ಅನುಮಾನ ಬತ್ತದೆ ಅಂತ ದಿನಾ ಕೇಳ್ದೆ. ನೀನು ಚಿಗುರೈತೆ ಅಂದಂಗೆಲ್ಲ ಸಂಕಟ ಆಯ್ತಿತ್ತು. ಸಾಕು, ಇಬ್ರೂ ನೋಡ್ಬಿಡಾನ ಅಂತ್ಲೇ ನೆನ್ನೆ ಒರಕ್ಕೆ ಕರ್ಕೊಂಡೋಗು ಅಂದೆ."

ಅಕ್ಕಯ್ಯಮ್ಮ ಮಣ್ಣಲ್ಲೇ ಕೂತುಬಿಟ್ಟಳು.

ಬಿಸಿಲೇರುತ್ತಿತ್ತು. ಒಳಗೆ ಹೋಗೋಣವೆಂದು ಆದಿಲಕ್ಷ್ಮಮ್ಮ ಅವನ ತೋಳು ಹಿಡಿದಳು. ಅವನು ಏಳಲಿಲ್ಲ. ಹೆಗಲ ಮೇಲಿನ ಟವೆಲ್ಲು ಬಿಡಿಸಿ, ಗಿಡದ ಮೇಲೆ ಬಿಸಿಲು ಬೀಳದಂತೆ ಎತ್ತಿ ಹಿಡಿದ. ಅಕ್ಕಯ್ಯಮ್ಮ ಸರಿದು ಬಂದು ಇನ್ನೊಂದು ತುದಿ ಹಿಡಿದುಕೊಂಡಳು.