ಆಗದ ಆಪರೇಷನ್ನಿಗೆ ಸ್ತೋತ್ರ

ಇಳಕಲ್ಲಿನ ನಮ್ಮ ಸಭೆಯಲ್ಲಿ ಆ ಭಾನುವಾರ ಹಿರಿಯರಾದ ಬಂಡೆಪ್ಪನವರು ಪ್ರಾರ್ಥನೆಯ ಚೀಟಿ ತೆಗೆದು ಓದಿದರು. "ನಮ್ಮ ಸಹೋದರಿ ರೂತವ್ವನ ಕಣ್ಣಿನ ಆಪರೇಷನ್ ಸುಖವಾಗಿ ಆಯಿತು. ದೇವರಿಗೆ ಸ್ತೋತ್ರ!" ನಲವತ್ತು ಮನೆಯ ಜನ ಚಪ್ಪಾಳೆ ತಟ್ಟಿದೆವು. ಆಮೆನ್ ಎಂದೆವು.

ಹಿಂದಿನ ಚಾಪೆಯ ಮೇಲೆ ಕೂತಿದ್ದ ರೂತವ್ವನೂ ಆಮೆನ್ ಎಂದಳು.

ಆಕೆಯ ಆಪರೇಷನ್ ಆಗಿರಲೇ ಇಲ್ಲ. ಎರಡೂ ಕಣ್ಣುಗಳಲ್ಲಿ ಪೊರೆ ಸುಣ್ಣದಂತೆ ಬೆಳ್ಳಗೆ ಕೂತಿತ್ತು. ತಿರುಗಿ ನೋಡಿದ್ದರೆ ಯಾರಿಗಾದರೂ ಕಾಣುತ್ತಿತ್ತು. ಯಾರೂ ತಿರುಗಲಿಲ್ಲ.

ರೂತವ್ವನಿಗೆ ಗಂಡನಿಲ್ಲ, ಮಕ್ಕಳಿಲ್ಲ. ಸೀರೆಯ ಒಡಲು ಸೆರಗನ್ನು ಕೂಡುವಲ್ಲಿ ಎಳೆಗೆ ಎಳೆ ಕೊಂಡಿ ಹಾಕುವುದು ಆಕೆಯ ಕೆಲಸ. ಸಾವಿರಾರು ಎಳೆ, ಒಂದೂ ಬಿಡುವಂತಿಲ್ಲ. ಕಣ್ಣು ಮಸುಕಾದ ಮೇಲೆ ಮಗ್ಗದ ಮಾಲೀಕ ಮನೆಗೆ ಕಳಿಸಿದ. ಆದರೂ ಪ್ರತಿ ಶನಿವಾರ ಚರ್ಚಿನ ಕಸ ಗುಡಿಸುವುದನ್ನು ಆಕೆ ಬಿಡಲಿಲ್ಲ. ಅಂಗೈಯಿಂದ ನೆಲ ತಡವಿ ತಡವಿ ಗುಡಿಸುತ್ತಿದ್ದಳು. ಆ ಸ್ವಚ್ಛ ನೆಲದ ಮೇಲೆ ಕೂತು ನಾವು ಪ್ರೀತಿಯ ಹಾಡು ಹಾಡುತ್ತಿದ್ದೆವು.

ಅಜ್ಜಿಯರು ಹೇಳುವ ಕಥೆಗಳಲ್ಲಿ ಕಣ್ಣಿಲ್ಲದವಳು ಕಾಡಿನಲ್ಲಿ ದಾರಿ ತಪ್ಪಿದರೆ ಒಂದು ಗಿಳಿಯಾದರೂ ಬಂದು ಮುಂದೆ ಮುಂದೆ ಹಾರುತ್ತದೆ. ಇಲ್ಲಿ ಕಾಡೂ ಇರಲಿಲ್ಲ, ಗಿಳಿಯೂ ಬೇಕಿರಲಿಲ್ಲ. ನಲವತ್ತು ಮನೆಗಳಿದ್ದವು.

ಆರಾಧನೆ ಮುಗಿದು ಎಲ್ಲರೂ ಚಪ್ಪಲಿ ಹುಡುಕುತ್ತಿದ್ದಾಗ ಆಶಾ ಕಾರ್ಯಕರ್ತೆ ಲಾಡಬಿ ಬಾಗಿಲಿಗೆ ಬಂದಳು. ಆಕೆ ರೂತವ್ವನ ಪಕ್ಕದ ಮನೆಯವಳು. ಬಂಡೆಪ್ಪನವರು ನಗುತ್ತ ಕರೆದರು.

"ಬಾರವಾ ಲಾಡಬಿ. ನಿಮ್ಮ ರೂತವ್ವನ ಆಪರೇಷನ್ ಆತಂತ ಈಗ ಸ್ತೋತ್ರ ಮಾಡಿದ್ವಿ ನೋಡು."

"ಯಾರಿಗೆ ಆತ್ರಿ?" ಲಾಡಬಿಯ ದನಿ ಏರಿತು. "ಹದಿನೈದು ದಿನದ ಹಿಂದ ಬಾಗಲಕೋಟಿ ಕಣ್ಣಿನ ಶಿಬಿರದಿಂದ ಆಕಿನ್ನ ಹೊಳ್ಳಿ ಕಳಿಸ್ಯಾರ. ಜೋಡಿ ಒಬ್ರು ಇಲ್ಲದ ಆಪರೇಷನ್ ಮಾಡಂಗಿಲ್ಲ ಅಂದ್ರಂತ. ಬಸ್‌ಸ್ಟ್ಯಾಂಡಿನ್ಯಾಗ ಮಂದೀನ್ನ ಕೇಳಕೊಂತ, ತಡವಿಕೊಂತ ಒಬ್ಬಾಕಿನ ಬಂದಾಳ."

"ತಾರೀಖು ದಾಟಿತ್ತಲ್ಲವಾ, ಆಗೇತಿ ಅಂತ ತಿಳಕೊಂಡ್ವಿ."

"ತಿಳಕೊಂಡ್ರಿ! ನಿಮ್ಮ ಮನಿಯಿಂದ ಆಕಿ ಮನಿಗೆ ಎಷ್ಟ ಹೆಜ್ಜಿ ಅದಾವ್ರಿ? ಅವತ್ತ ನನಗ ಹೆರಿಗಿ ಕೇಸ್ ಇತ್ತು. ಮುಂಚಿ ದಿನಾನ ನಿಮ್ಮ ಬಾಗಲಾಗ ನಿಂತು ಹೇಳಿದ್ದೆ, ಒಬ್ರನ್ನ ಕಳಿಸ್ರಿ ಅಂತ. ನೀವೇನಂದ್ರಿ?"

ಬಂಡೆಪ್ಪನವರು ಕೈಯಲ್ಲಿದ್ದ ಚೀಟಿ ಮಡಿಚಿದರು. ಅವರು ಏನಂದಿರುತ್ತಾರೆಂದು ನಮಗೆಲ್ಲ ಗೊತ್ತಿತ್ತು. 'ಪ್ರಾರ್ಥನೆ ಮಾಡ್ತೇವಿ.' ನಾವೂ ಅದನ್ನೇ ಅನ್ನುವವರು. ಅಂದು, ಮನೆಗೆ ಹೋಗಿ, ಉಂಡು ಮಲಗುವವರು.

"ಅಲ್ಲವಾ, ಪ್ರಾರ್ಥನಾ ಅಂದ್ರ ಸಣ್ಣ ಮಾತೇನು?" ಎಂದರು ಬಂಡೆಪ್ಪ. "ಅದು ನಮ್ಮ ಕೆಲಸ. ದವಾಖಾನಿ ಕೆಲಸಕ್ಕ ಸರಕಾರ ನಿನ್ನ ಇಟ್ಟೇತಿ."

"ದುವಾ ನಾನೂ ಮಾಡ್ತೇನ್ರಿ, ದಿನಾ ಐದು ಸಲ. ಬರೇ ದುವಾ ಮಾಡಿ ಆಕಿಗೆ ರೊಟ್ಟಿ ಒಯ್ಯೂದು ಬಿಟ್ಟಿದ್ರ ಉಪವಾಸ ಸಾಯ್ತಿದ್ಲು. ಈಗ ಕೇಳ್ರಿ. ಪೊರಿ ಬಲತೈತಿ. ನಿನ್ನಿಯಿಂದ ಎಡಗಣ್ಣು ಕೆಂಪಾಗಿ ಸಿಡಿಯಾಕತ್ತೈತಿ. ಹಿಂಗ ನೋವು ಶುರು ಆತಂದ್ರ ಕಣ್ಣಾಗ ಒತ್ತಡ ಏರತೈತಿ, ತಡಾ ಮಾಡಿದ್ರ ಹೋದ ಬೆಳಕು ಹೊಳ್ಳಿ ಬರಂಗಿಲ್ಲ. ಇವತ್ತ ಹೋಗಬೇಕು, ಈಗ."

"ಈಗಂದ್ರ... ಮಧ್ಯಾಹ್ನ ಸುಗ್ಗಿ ಹಬ್ಬದ ಮೀಟಿಂಗ್ ಇಟ್ಟೇವಲ್ಲ."

ಬಂಡೆಪ್ಪನವರ ಹೆಂಡತಿ ಸುಮಾ ಅಷ್ಟು ಹೊತ್ತು ರೂತವ್ವನ ಕೈ ಹಿಡಿದು ನಿಂತಿದ್ದರು.

"ಯಕ್ಕಾ, ಆಪರೇಷನ್ ಆಗಿಲ್ಲಂದ್ರ ನೀ ಯಾಕ ಆಮೆನ್ ಅಂದಿ?"

"ಎಲ್ಲಾರೂ ಖುಷಿಯಾಗಿದ್ರಿ. ದೇವರ ಮುಂದ ಹಿರ್ಯಾರ ಮಾತ ಹೆಂಗ ಸುಳ್ಳ ಮಾಡಲೆವಾ?" ರೂತವ್ವ ಸೆರಗಿನಿಂದ ಕಣ್ಣು ಒತ್ತಿಕೊಂಡಳು. "ಯೇಸುಸ್ವಾಮಿ ಒಬ್ಬ ಕುರುಡಗ ಕಣ್ಣ ಕೊಡೂಕಿಂತ ಮೊದಲ ಕೈ ಹಿಡದು ಊರ ಹೊರಗ ಕರಕೊಂಡ ಹೋದ. ನನಗ ಆ ಕೈ ಒಂದು ಸಿಕ್ಕಿದ್ರ ಸಾಕಿತ್ತು."

ಸುಮಾ ಗಂಡನ ಕಡೆ ತಿರುಗಿದರು.

"ನನ್ನ ಕಾಲು ಮುರದಾಗ ಹನ್ನೊಂದು ದಿನ ದವಾಖಾನ್ಯಾಗ ನನ್ನ ಹೊಲಸು ಬಳದಾಕಿ ಈಕಿ. ಅವತ್ತ ನೀವು ಈಕಿಗೆ, ಮನ್ಯಾಗ ಕುಂತು ಪ್ರಾರ್ಥನಾ ಮಾಡಿದ್ರ ಸಾಕು ಅಂದಿದ್ರೇನು? ಹಬ್ಬ ಯಾರಿಗೆ ಬೇಕಾಗೇತ್ರಿ? ಮೀಟಿಂಗ್ ಮಾಡಕೋತ ಕುಂದರ್ರಿ, ನಾ ಹೊಂಟೆ."

ಬಂಡೆಪ್ಪನವರು ಚೀಟಿಯನ್ನು ಜೇಬಿಗೆ ತುರುಕಿದರು. "ನಿಂದರ. ಗಾಡಿ ತರ್ತೇನಿ."

ಬಾಗಲಕೋಟೆಯ ದವಾಖಾನೆಯಲ್ಲಿ ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿ, "ಇಷ್ಟು ದಿನ ಏನ್ ಮಾಡಾಕತ್ತಿದ್ರಿ?" ಎಂದು ಬೈದರು. ಮುಂದಿನ ವಾರ ಬಲಗಣ್ಣಿನ ಆಪರೇಷನ್ ಆಯಿತು, ಬೆಳಕು ಬಂತು. ಔಷಧಿಗೆ ಎಡಗಣ್ಣಿನ ನೋವು ನಿಂತಿತು. ಬೆಳಕು ಬರಲಿಲ್ಲ.

ಆಮೇಲಿನ ಭಾನುವಾರ ಬಂಡೆಪ್ಪನವರು ಮುಂದೆ ನಿಂತು, "ದೇವರ ಮುಂದ ನಾ ಸುಳ್ಳ ಓದಿದೆ. ನೀವು ಆಮೆನ್ ಅಂದ್ರಿ. ಎಲ್ಲಾರದೂ ತಪ್ಪು" ಎಂದರು. ಚೀಟಿ ತೆಗೆದರು. "ಮುತ್ತುರಾಜನ ತಾಯಿ ಹಾಸಿಗಿ ಹಿಡದಾರ. ಯಾರು ಹೋಗ್ತೀರಿ?"

ನಾವು ನೆಲ ನೋಡಿದೆವು. ಅವರು ಆಮೆನ್ ಹೇಳಲಿಲ್ಲ. ಕಾದರು.

ಕೊನೆಗೆ ಒಂದು ಕೈ ಎದ್ದಿತು, ಹಿಂದಿನ ಚಾಪೆಯಿಂದ. ಕರಿ ಕನ್ನಡಕ ಹಾಕಿಕೊಂಡ ರೂತವ್ವನ ಕೈ.

ಅದನ್ನು ನೋಡಿದ ಮೇಲೆ ಉಳಿದ ಕೈಗಳು ಎದ್ದವು. ನಾಚಿಕೆಯಿಂದಲೇ ಎದ್ದವು. ಆದರೂ ಎದ್ದವು.

ಸಹೋದರ ಸಹೋದರಿಯರೇ, ಪ್ರಾರ್ಥನೆ ಬಿಡಿ ಎಂದು ಯಾರೂ ಹೇಳುತ್ತಿಲ್ಲ. ನಿಮ್ಮ ಸಭೆಯಲ್ಲಿಯೂ ಚೀಟಿಯಿದೆ, ಅದರಲ್ಲಿ ಹೆಸರುಗಳಿವೆ. ಈ ಭಾನುವಾರ ಪ್ರತಿ ಹೆಸರಿಗೂ ಹೋಗಿ ಬರುವವರು ಯಾರು ಎಂದು ಅಲ್ಲಿಯೇ ಕೇಳಿ, ಗೊತ್ತುಮಾಡಿ. ಹೋದವರು ಒಲೆ ಹೊತ್ತಿದೆಯೇ ನೋಡಲಿ, ಔಷಧಿ ಇದೆಯೇ ಕೇಳಲಿ, ದವಾಖಾನೆಯ ತಾರೀಖು ತಿಳಿದುಕೊಂಡು ಜೊತೆಗೆ ಹೋಗಲಿ. ನಿಮ್ಮ ಓಣಿಯ ಆಶಾ ಕಾರ್ಯಕರ್ತೆಯ ನಂಬರ್ ಬರೆದಿಟ್ಟುಕೊಳ್ಳಿ. ಮುಂದಿನ ವಾರ ಏನಾಯಿತೆಂದು ಊಹಿಸಬೇಡಿ, ಅವರನ್ನೇ ಕೇಳಿ. ಹಿಂದಿನ ಚಾಪೆಯ ಕಡೆ ಒಮ್ಮೆ ತಿರುಗಿ ನೋಡಿ.

ನಮ್ಮ ರೂತವ್ವನ ಎಡಗಣ್ಣು ನಾವು ಚಪ್ಪಾಳೆ ತಟ್ಟುತ್ತಿದ್ದಾಗ ಹೋಯಿತು. ನೀವು ಮೊದಲು ಕೈ ಎತ್ತಿ. ಆಮೇಲೆ ಆಮೆನ್ ಹೇಳಿ.